ಬೋರಯ್ಯನ ದೋಣಿಯ ನಲವತ್ತು ನಿಮಿಷ

ನಮ್ಮ ಮನೆಯ ಕಾರ್ ಶೆಡ್ಡಿನಲ್ಲಿ ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಒಂದು ದೋಣಿ ಇತ್ತು. ಪದ್ಮನಾಭನಗರದಲ್ಲಿ, ಸ್ವಾಮಿ. ಇಲ್ಲಿಂದ ಸಮುದ್ರ ನೋಡಬೇಕೆಂದರೆ ಯಾವ ದಿಕ್ಕಿಗೆ ಹೊರಟರೂ ಒಂದು ರಾತ್ರಿ ಬಸ್ಸಿನಲ್ಲಿ ಕಳೆಯಬೇಕು. ಬೀದಿಯಲ್ಲಿ ಹೋಗುವವರು ಗೇಟಿನ ಹತ್ತಿರ ಸ್ಕೂಟರ್ ನಿಧಾನ ಮಾಡಿ, "ಏನ್ ಮೇಡಂ, ಮಳೆಗಾಲಕ್ಕೆ ರೆಡಿ ಆಗ್ತಿದೀರಾ?" ಎಂದು ಕೇಳುತ್ತಿದ್ದರು. ಒಬ್ಬರಾದ ಮೇಲೆ ಒಬ್ಬರು, ಅದೇ ಜೋಕು. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವಳು ನಾನು. ಒಂದೇ ಜೋಕನ್ನು ಎಷ್ಟು ಸಲ ಕೇಳಿದರೂ ನಗದೆ ಇರುವುದು ನನಗೆ ಅಭ್ಯಾಸವಾಗಿದೆ.

ದೋಣಿ ನನ್ನದಲ್ಲ, ಬೋರಯ್ಯನವರದು. ಹೊಸಕೆರೆಹಳ್ಳಿಯ ಹಳೆಯ ಊರಿನೊಳಗೆ ಅವರ ಮನೆ. ಬಾಗಿಲು ತೆರೆದರೆ ಓಣಿ, ಓಣಿ ದಾಟಿದರೆ ಇನ್ನೊಬ್ಬರ ಗೋಡೆ. ಅಲ್ಲಿ ಹನ್ನೆರಡು ಅಡಿಯ ದೋಣಿ ಇರಲಿ, ಒಂದು ಸೈಕಲ್ ನಿಲ್ಲಿಸುವುದೂ ಕಷ್ಟ. ನನ್ನ ಯಜಮಾನರು ಹೋದ ಮೇಲೆ ನಾನು ಕಾರು ಮಾರಿದ್ದೆ. ಶೆಡ್ಡಿನಲ್ಲಿ ಹಳೆಯ ಪೇಪರು, ಒಡೆದ ಕುಂಡ ಬಿಟ್ಟರೆ ಏನೂ ಇರಲಿಲ್ಲ. ಬೋರಯ್ಯನವರ ಮಗಳು ಮೈತ್ರಿ ನನ್ನ ವಿದ್ಯಾರ್ಥಿನಿ. ಆ ಸಲುಗೆಯಲ್ಲಿ ಬಂದು ಕೇಳಿದರು, ನಾನು ಹ್ಞೂಂ ಎಂದೆ. ಎರಡು ವಾರದ ಕೆಲಸ ಎಂದಿದ್ದರು. ಕೆಲಸ ಗೊತ್ತಿರುವ ಗಂಡಸರ ಎರಡು ವಾರ ಎಷ್ಟು ಉದ್ದ ಇರುತ್ತದೆ ಎಂದು ನನಗೆ ಆಗಲೇ ಗೊತ್ತಿರಬೇಕಿತ್ತು.

ಬೋರಯ್ಯನವರಿಗೆ ಅರವತ್ತಾರು. ನಲವತ್ತು ವರ್ಷ ಫೈಬರ್ ಕೆಲಸ ಮಾಡಿದವರು. ಬಸ್ಸಿನ ಡ್ಯಾಶ್‌ಬೋರ್ಡು, ನೀರಿನ ಟ್ಯಾಂಕು, ಮಕ್ಕಳ ಪಾರ್ಕಿನ ಜಾರುಬಂಡೆ. ಜಯನಗರದ ಒಂದು ಪಾರ್ಕಿನಲ್ಲಿರುವ ಹಳದಿ ಜಾರುಬಂಡೆ ಅವರು ಮಾಡಿದ್ದು. ಈಗಲೂ ಆ ಕಡೆ ಹೋದರೆ ಅಂಗೈಯಲ್ಲಿ ಮೇಲಿಂದ ಕೆಳಗೆ ಸವರಿ, ಎಲ್ಲಾದರೂ ಬಿರುಕು ಬಿಟ್ಟು ಮಕ್ಕಳಿಗೆ ಚುಚ್ಚುತ್ತಿದೆಯೇ ಎಂದು ನೋಡಿ ಬರುತ್ತಾರೆ. ವಾಚ್‌ಮನ್ ಒಂದು ಸಲ ಗದರಿದನಂತೆ. ಇವರು ಪೂರ್ತಿ ಸವರಿಯೇ ಬಂದರಂತೆ.

ಅವರ ಅಪ್ಪ ಹೊಸಕೆರೆಯಲ್ಲಿ ಬಾಳೆದಿಂಡಿನ ತೆಪ್ಪದ ಮೇಲೆ ಕೂತು ಮೀನು ಹಿಡಿಯುತ್ತಿದ್ದರು. ಕೆರೆಗೆ ಆಗ ಇನ್ನೂ ಕೆರೆಯ ಲಕ್ಷಣವಿತ್ತು. ನಾಲ್ಕು ವರ್ಷದ ಬೋರಯ್ಯನನ್ನು ತೆಪ್ಪದಿಂದ ಎತ್ತಿ ನೀರಿಗೆ ಬಿಟ್ಟು, ಅಪ್ಪ ಬೀಡಿ ಹಚ್ಚಿಕೊಂಡು ಬೇರೆ ಕಡೆ ನೋಡುತ್ತಿದ್ದರಂತೆ. "ನೀರು ಎತ್ಕೊಳುತ್ತೆ ಮೇಡಂ. ನಾವೇ ಒದ್ದಾಡಿ ಬಿಡಿಸ್ಕೋತೀವಿ" ಎಂದು ಬೋರಯ್ಯ ಹೇಳುತ್ತಿದ್ದರು. ನನಗೆ ಈ ಮಾತು ಕೇಳಿದರೇ ಕಾಲಿನ ಬೆರಳು ಮುದುಡುತ್ತಿತ್ತು. ಹೆಸರು ವಾರಿಜಾ, ನೀರು ಕಂಡರೆ ನಡುಕ. ಕನ್ಯಾಕುಮಾರಿಗೆ ಹೋದಾಗಲೂ ನಾನು ಚಪ್ಪಲಿ ಕಾಯುತ್ತೇನೆಂದು ಹೇಳಿ ದೂರ ನಿಂತವಳು.

ಇನ್ನು ಮೈತ್ರಿಯ ವಿಷಯ. ಹಿಂದಿನ ಬೆಂಚಿನಲ್ಲಿ ಕೂತು, ಕೇಳಿದ್ದಕ್ಕೆಲ್ಲ ನಿಧಾನವಾಗಿ ಸರಿಯಾದ ಉತ್ತರ ಹೇಳುತ್ತಿದ್ದ ಹುಡುಗಿ. ನರ್ಸಿಂಗ್ ಓದಿ ಉತ್ತರ ಕನ್ನಡದ ಕಡಲತೀರದ ಒಂದು ಆರೋಗ್ಯ ಕೇಂದ್ರಕ್ಕೆ ಹೋದಳು. ಅಲ್ಲಿ ಗುಡ್ಡದ ಆಚೆ ಅರವತ್ತು ಮನೆಗಳ ಒಂದು ಕೇರಿ ಇದೆ. ರಸ್ತೆಯಲ್ಲಿ ಹೋದರೆ ಗುಡ್ಡ ಸುತ್ತಿ ಅರ್ಧ ದಿನ, ದಂಡೆಯ ಗುಂಟ ದೋಣಿಯಲ್ಲಿ ಹೋದರೆ ಮುಕ್ಕಾಲು ಗಂಟೆ. ಹಾಗಾಗಿ ವಾರಕ್ಕೆ ಎರಡು ದಿನ, ಮಂಗಳವಾರ ಮತ್ತು ಶುಕ್ರವಾರ, ಲಸಿಕೆಯ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಇವಳು ದೋಣಿ ಹತ್ತುತ್ತಾಳೆ. ಮಳೆಗಾಲದಲ್ಲಿ ಮಾತ್ರ ಜೀಪು.

ಅದರ ಹಿಂದಿನ ವರ್ಷ ನವೆಂಬರಿನಲ್ಲಿ ಆ ಹಳೆಯ ದೋಣಿಯ ತಳ ಬಿರಿದು ನೀರು ತುಂಬಿ ಮಗುಚಿತು. ಅಂಬಿಗ ಜನ ಕರೆತರುತ್ತೇನೆಂದು ದಡಕ್ಕೆ ಈಜಿದ. ಮೈತ್ರಿಗೆ ಈಜು ಅಷ್ಟಕ್ಕಷ್ಟೇ. ಮಗುಚಿದ ದೋಣಿಯ ಅಂಚು ಹಿಡಿದುಕೊಂಡು, ಇನ್ನೊಂದು ದೋಣಿ ಬರುವವರೆಗೆ ಒಬ್ಬಳೇ ನೀರಿನಲ್ಲಿದ್ದಳು. ನಲವತ್ತು ನಿಮಿಷ. ಇದನ್ನು ಅವಳು ಅಪ್ಪ ಅಮ್ಮನಿಗೆ ಹೇಳಿದ್ದು ಆರು ತಿಂಗಳಾದ ಮೇಲೆ, ರಜೆಗೆ ಬಂದಾಗ, ಮುದ್ದೆ ಮುರಿಯುತ್ತಾ. ಆ ದೋಣಿಗೇ ತೇಪೆ ಹಾಕಿದ್ದಾರೆ, ಮಳೆ ಮುಗಿದ ಮೇಲೆ ಮತ್ತೆ ಅದರಲ್ಲೇ ಹೋಗುವುದು ಎಂದೂ ಹೇಳಿದಳು. ತಾಯಿ ಮುನಿಯಕ್ಕ ತಟ್ಟೆ ಬಿಟ್ಟು ಎದ್ದು ಹೋದರಂತೆ. ಬೋರಯ್ಯ ಮಾತ್ರ ಊಟ ಪೂರ್ತಿ ಮುಗಿಸಿ, ಕೈ ತೊಳೆದು, "ಹಂಗಾದ್ರೆ ನಾನೇ ಒಂದು ಮಾಡ್ತೀನಿ" ಎಂದರು.

ಜೆ.ಪಿ. ನಗರದ ಆಚೆ ಒಂದು ಕೆರೆಯಲ್ಲಿ ಬೋಟಿಂಗ್ ನಿಂತುಹೋಗಿ, ಹಳೆಯ ದೋಣಿಗಳು ಗುಜರಿಗೆ ಬಿದ್ದಿದ್ದವು. ಅದರಲ್ಲಿ ಒಂದನ್ನು ಜೂನಿನಲ್ಲಿ ಲಗೇಜ್ ಆಟೋದ ಮೇಲೆ ಕಟ್ಟಿಕೊಂಡು ತಂದರು. ಅದರ ಬೆನ್ನು ಬಿಸಿಲಿಗೆ ಸೀಳಿತ್ತು, ಒಳಗೆ ಯಾರೋ ಹೃದಯದ ಚಿತ್ರ ಬಿಡಿಸಿ ಎರಡು ಹೆಸರು ಕೆತ್ತಿದ್ದರು. ಬೋರಯ್ಯ ಒಂದು ವಾರ ಅದನ್ನು ಮುಟ್ಟಲೇ ಇಲ್ಲ. ಬಂದು ಸ್ಟೂಲ್ ಹಾಕಿಕೊಂಡು ಕೂತು ನೋಡುವುದು, ಎದ್ದು ಸುತ್ತು ಹಾಕುವುದು, ಮತ್ತೆ ಕೂರುವುದು. ನನಗೆ ರೇಗಿಹೋಯಿತು.

"ಬೋರಯ್ಯ, ಅದನ್ನ ನೋಡ್ತಾ ಕೂತ್ರೆ ತಾನಾಗೇ ರಿಪೇರಿ ಆಗುತ್ತಾ?"

"ಎಲ್ಲಿಂದ ಮುಳುಗುತ್ತೆ ಅಂತ ನೋಡ್ತಿದೀನಿ ಮೇಡಂ. ಅದು ಗೊತ್ತಾದ್ರೆ ಮಿಕ್ಕಿದ್ದು ಬರೀ ಕೈಕೆಲಸ."

ಆಮೇಲೆ ಕೈಕೆಲಸ ಶುರುವಾಯಿತು. ಕೆರೆಯ ದೋಣಿ ತಟ್ಟೆಯ ಹಾಗೆ ಚಪ್ಪಟೆ, ಅಲೆಗೆ ಅದು ಆಗುವುದಿಲ್ಲ ಎಂದು ಮೂತಿಯನ್ನು ಒಂದೂವರೆ ಅಡಿ ಎತ್ತರಿಸಿದರು. ಮೈತ್ರಿಯನ್ನು ಕರೆದೊಯ್ಯುವ ಅಂಬಿಗನಿಗೆ ಫೋನ್ ಮಾಡಿ, ಅವನು ಬೈದು ಹೇಳಿದ್ದನ್ನೆಲ್ಲ ಕೇಳಿಕೊಂಡು, ಸೀಟನ್ನು ಗೇಣುದ್ದ ಕೆಳಗಿಳಿಸಿದರು. ಬಣ್ಣ ಮಾತ್ರ ಕಡು ಕಿತ್ತಳೆ. ನೀಲಿ ಹಚ್ಚಿ, ಚೆನ್ನಾಗಿರುತ್ತೆ ಎಂದು ನಾನು ಹೇಳಿದ್ದಕ್ಕೆ, "ಸಮುದ್ರದಲ್ಲಿ ನೀಲಿ ದೋಣಿ ಹುಡುಕೋದು ಹೆಂಗೆ ಮೇಡಂ?" ಎಂದು ಕೇಳಿದರು. ನನ್ನನ್ನು ಸುಮ್ಮನಾಗಿಸುವವರು ಈ ಬಡಾವಣೆಯಲ್ಲಿ ಕಡಿಮೆ.

ಒಂದು ದಿನ ನನ್ನ ಉಪ್ಪಿನಕಾಯಿ ಭರಣಿ ಕಾಣೆಯಾಯಿತು. ಹುಡುಕಿದರೆ ಶೆಡ್ಡಿನ ಮೂಲೆಯಲ್ಲಿದೆ. ಒಳಗೆ ಉಪ್ಪುನೀರು, ನೀರಿನಲ್ಲಿ ನಾಲ್ಕು ಥರದ ಬೋಲ್ಟು. ಬಸ್ಸಿಗೆ ಹಾಕುವ ಬೋಲ್ಟು ಸಮುದ್ರಕ್ಕೆ ತಡೆಯುತ್ತದೆಯೋ ಇಲ್ಲವೋ ಎಂಬ ಪರೀಕ್ಷೆಯಂತೆ. ಒಂದು ತಿಂಗಳಾದ ಮೇಲೆ ಎರಡು ಬೋಲ್ಟಿಗೆ ತುಕ್ಕು ಹಿಡಿದು ನೀರು ಕೆಂಪಾಗಿತ್ತು, ಒಂದು ಮಂಕಾಗಿತ್ತು, ಒಂದು ಹೊಳೆಯುತ್ತಿತ್ತು. ಹೊಳೆದದ್ದನ್ನೇ ದೋಣಿಗೆ ಹಾಕಿದರು. ಮಾವಿನಕಾಯಿ ಉಪ್ಪಿನಕಾಯಿಗೆ ಆ ವರ್ಷ ನಾನು ಹೊಸ ಭರಣಿ ತಂದೆ.

ಮುನಿಯಕ್ಕ ಗಾರ್ಮೆಂಟ್ಸಿನಲ್ಲಿ ಇಪ್ಪತ್ತೆರಡು ವರ್ಷ ಮಿಷನ್ ತುಳಿದವರು. ಅಂಗಡಿಯಿಂದ ತಂದ ಲೈಫ್ ಜಾಕೆಟ್ಟುಗಳ ಪಟ್ಟಿಯನ್ನು ಎಳೆದು ನೋಡಿ, "ಇದು ಹೊಲಿಗೆನಾ?" ಎಂದು ಮೂಗು ಮುರಿದು, ನಾಲ್ಕನ್ನೂ ಬಿಚ್ಚಿ ದಪ್ಪ ದಾರದಲ್ಲಿ ಮೂರು ಸಾಲು ಹೊಲಿದರು. ಪ್ರತಿ ಜಾಕೆಟ್ಟಿಗೂ ಒಂದು ಸೀಟಿ ಕಟ್ಟಿದರು. ಹೆಚ್ಚು ಮಾತಿನ ಹೆಂಗಸಲ್ಲ. ಮಧ್ಯಾಹ್ನ ಗಂಡನಿಗೆ ಬುತ್ತಿ ತಂದು, ಅವರು ಉಂಡು ಮುಗಿಸುವವರೆಗೆ ದೋಣಿಯ ಅಂಚಿನ ಹಗ್ಗವನ್ನು ಹಿಡಿದು ಹಿಡಿದು ನೋಡುತ್ತಿದ್ದರು. ನೀರಿನಲ್ಲಿರುವವರ ಕೈಗೆ ಸಿಗಲೆಂದು ಸುತ್ತಲೂ ಕಟ್ಟಿದ ಹಗ್ಗ ಅದು.

ಬರಬರುತ್ತಾ ನನಗೂ ಆ ದೋಣಿಯ ಹುಚ್ಚು ಹಿಡಿಯಿತು. ಮಧ್ಯಾಹ್ನ ಮೂರರ ಹೊತ್ತಿಗೆ, ಬೋರಯ್ಯ ಟೀ ಕುಡಿಯಲು ಹೋದಾಗ, ನಾನು ಕಾಫಿ ಲೋಟ ಹಿಡಿದು ಮೆಲ್ಲಗೆ ದೋಣಿಯೊಳಗೆ ಹತ್ತಿ ಕೂರುತ್ತಿದ್ದೆ. ಗೇಟಿನ ಪಕ್ಕದ ಹೊಂಗೆಮರದ ನೆರಳು ಕಿತ್ತಳೆ ಬಣ್ಣದ ಮೇಲೆ ಆಡುತ್ತಿತ್ತು. ಉಜ್ಜಿದ ಫೈಬರಿನ ಪುಡಿ ಬಿಸಿಲಿನಲ್ಲಿ ತೇಲುತ್ತಿತ್ತು. ದೊಡ್ಡ ರಸ್ತೆಯ ಬಸ್ಸುಗಳ ಸದ್ದು ಒಂದು ಬಂದು ಕರಗುವಷ್ಟರಲ್ಲಿ ಇನ್ನೊಂದು ಬರುತ್ತಿತ್ತು, ಕಣ್ಣು ಮುಚ್ಚಿದರೆ ದೂರದಲ್ಲಿ ಏನೋ ಉಬ್ಬಿ ಇಳಿಯುತ್ತಿರುವ ಹಾಗೆ ಕೇಳಿಸುತ್ತಿತ್ತು. ಆಗ ನನಗೆ ಗುಡ್ಡ, ಗುಡ್ಡದ ಬುಡದಲ್ಲಿ ಬಿಳಿ ನೊರೆ, ತೊಡೆಯ ಮೇಲೆ ಪೆಟ್ಟಿಗೆ ಇಟ್ಟುಕೊಂಡ ಮೈತ್ರಿ ಎಲ್ಲ ಕಾಣುತ್ತಿತ್ತು. ನಾನೇ ಅವಳ ಎದುರಿನ ಸೀಟಿನಲ್ಲಿ ಕೂತು ಯಾವುದೋ ಊರಿಗೆ ಹೋಗುತ್ತಿದ್ದೆ. ಎಷ್ಟೋ ಸಲ ಕಾಫಿ ಆರಿಹೋಗುತ್ತಿತ್ತು. ಒಂದು ದಿನ ಬೋರಯ್ಯ ಬೇಗ ಬಂದು ನೋಡಿಬಿಟ್ಟರು.

"ಎಲ್ಲೀವರ್ಗೂ ಬಂತು ಮೇಡಂ?"

"ಇನ್ನೂ ದಡ ಕಾಣ್ತಿಲ್ಲ" ಎಂದೆ. ಅವರು ನಗಲಿಲ್ಲ. ಹೌದು ಎಂಬಂತೆ ತಲೆಯಾಡಿಸಿ ಉಜ್ಜುಕಾಗದ ಕೈಗೆತ್ತಿಕೊಂಡರು.

ಸೆಪ್ಟೆಂಬರ್ ಕೊನೆಗೆ ಕೆಲಸ ಮುಗಿಯಿತು. ಅಲ್ಲಿ ಕಡಲತೀರದಲ್ಲಿ ಮಳೆ ಕಡಿಮೆಯಾಗಿ ಆಗಲೇ ಹಳೆಯ ದೋಣಿಯ ಓಡಾಟ ಶುರುವಾಗಿತ್ತು. ಮಂಗಳವಾರ, ಶುಕ್ರವಾರ ಬಂದರೆ ಮೈತ್ರಿಯ ಫೋನ್ ಬರುವವರೆಗೆ ಮುನಿಯಕ್ಕ ಒಲೆ ಹಚ್ಚುತ್ತಿರಲಿಲ್ಲ. ಇನ್ನು ಉಳಿದದ್ದು ಪರೀಕ್ಷೆ. ದೋಣಿಗೆ ಪೂರ್ತಿ ನೀರು ತುಂಬಿಸಿ, ನಾಲ್ಕು ಜನರ ಭಾರ ಹೇರಿ, ಮುಳುಗುತ್ತದೆಯೋ ಇಲ್ಲವೋ ನೋಡಬೇಕು. ಹೊಸಕೆರೆಹಳ್ಳಿ ಕೆರೆಯ ಈಗಿನ ಸ್ಥಿತಿಯಲ್ಲಿ ಅದು ಆಗದ ಮಾತು. ನನ್ನ ತಂಗಿಯ ಮಗ ವಿಶ್ರುತ್ ಜೆ.ಪಿ. ನಗರದ ಒಂದು ಅಪಾರ್ಟ್‌ಮೆಂಟಿನ ಅಸೋಸಿಯೇಷನ್ ಸೆಕ್ರೆಟರಿ. ಸೋಮವಾರ ಅವರ ಈಜುಕೊಳಕ್ಕೆ ರಜೆ. "ದೊಡ್ಡಮ್ಮ, ನಂಗೆ ಬೈಗುಳ ತಿನ್ನಿಸ್ತೀಯ" ಎಂದು ಗೊಣಗುತ್ತಲೇ ಒಪ್ಪಿಕೊಂಡ.

ಐದು ಸಿಮೆಂಟ್ ಮೂಟೆ ಹಾಕಿ, ಅಂಚಿನವರೆಗೆ ನೀರು ತುಂಬಿಸಿ, ಬೋರಯ್ಯ ಕೈಗಡಿಯಾರ ನೋಡಿಕೊಂಡು ಕೂತರು. ದೋಣಿ ತುಂಬಿದ ಬಾಣಲೆಯ ಹಾಗೆ ನೀರಿನ ಮಟ್ಟಕ್ಕೇ ನಿಂತಿತು, ಆದರೆ ಕೆಳಗೆ ಹೋಗಲಿಲ್ಲ. ನಲವತ್ತು ನಿಮಿಷವಾದ ಮೇಲೆ, "ಆಯ್ತು" ಎಂದರು. ಅಷ್ಟೇ. ಹಬ್ಬದ ಗಲಾಟೆಯಲ್ಲಿ ಟೆಂಪೊ ಸಿಗದೆ, ಆಯುಧಪೂಜೆ, ವಿಜಯದಶಮಿ ಮುಗಿದ ಮೇಲಿನ ಗುರುವಾರ ಕಳಿಸುವುದೆಂದು ಮಾತಾಯಿತು.

ಇಲ್ಲಿಗೆ ನನ್ನ ಘನಕಾರ್ಯ ಬರುತ್ತದೆ.

ಬೋರಯ್ಯನವರ ಮನೆಯವರು ಬೌದ್ಧರು. ಪ್ರತಿ ವಿಜಯದಶಮಿಗೆ ಗಂಡ ಹೆಂಡತಿ ನಾಗಪುರದ ದೀಕ್ಷಾಭೂಮಿಗೆ ಹೋಗುತ್ತಾರೆ, ಹನ್ನೆರಡು ವರ್ಷದಿಂದ ತಪ್ಪಿಸಿಲ್ಲ. ಆ ವರ್ಷವೂ ಹೋದರು. ಆಯುಧಪೂಜೆಯ ದಿನ ನಮ್ಮ ಬೀದಿಯ ಕಾರು, ಸ್ಕೂಟರು, ಮಕ್ಕಳ ಸೈಕಲ್ಲುಗಳಿಗೆಲ್ಲ ತೊಳೆದು ಹೂವು ಹಾಕಿದ್ದರು. ಬೀದಿಯ ತುಂಬ ಒಡೆದ ಬೂದುಗುಂಬಳ. ನಮ್ಮ ಶೆಡ್ಡಿನಲ್ಲಿ ದೋಣಿಯೊಂದು ಮಾತ್ರ ಬೋಳಾಗಿ ನಿಂತಿತ್ತು. ಅವರಿಗೆ ಇದರಲ್ಲೆಲ್ಲ ನಂಬಿಕೆಯಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತು. ಆದರೆ ನಾನು ಪಾಠ ಹೇಳಿದ ಹುಡುಗಿ ಕೂರುವ ಗಾಡಿ. ಒಂದು ನಿಂಬೆಹಣ್ಣೂ ಇಲ್ಲದೆ ಸಮುದ್ರಕ್ಕೆ ಇಳಿಸುವುದೇ? ನಾಳೆ ಏನಾದರೂ ಆದರೆ? ಯಾರಿಗೂ ಕಾಣದ ಹಾಗೆ ಕಟ್ಟಿದರೆ ಯಾರಿಗೇನು ನಷ್ಟ ಎಂದುಕೊಂಡೆ.

ಮೂಲೆಯ ಗ್ಯಾರೇಜಿನ ಸುಭಾಷನನ್ನು ಕರೆದೆ. ಅವನು ಡ್ರಿಲ್ ತಂದು, "ಫೈಬರ್ ಅಲ್ವಾ ಮಿಸ್, ಒಂದ್ನಿಮಿಷ" ಎಂದು ದೋಣಿಯ ಮೂತಿಯ ಅಡಿಯಲ್ಲಿ, ಗೋಡೆಯ ಕಡೆಗೆ, ಒಂದು ತೂತು ಹೊಡೆದು ಕೊಕ್ಕೆ ತಿರುಗಿಸಿ ಕೊಟ್ಟ. ನಿಂಬೆಹಣ್ಣು, ಏಳು ಹಸಿಮೆಣಸಿನಕಾಯಿ ಪೋಣಿಸಿ ಕಟ್ಟಿ, ಕರ್ಪೂರ ಹಚ್ಚಿದೆ. ಮನಸ್ಸಿಗೆ ಎಷ್ಟು ಸಮಾಧಾನವಾಯಿತೆಂದರೆ, ಆ ಮಧ್ಯಾಹ್ನ ದೋಣಿಯೊಳಗೇ ಕೂತು ಒಂದು ಜೊಂಪು ತೆಗೆದೆ. ಅವರು ಬರುವ ಹೊತ್ತಿಗೆ ನಿಂಬೆಹಣ್ಣು ತೆಗೆದುಬಿಟ್ಟೆ. ಕೊಕ್ಕೆ ಹಾಗೇ ಇತ್ತು.

ಬುಧವಾರ ಮಧ್ಯಾಹ್ನ ಬೋರಯ್ಯ ಶೆಡ್ಡಿನಲ್ಲಿ ನಿಂತು ಮಗಳಿಗೆ ವಿಡಿಯೋ ಕಾಲ್ ಮಾಡಿ ದೋಣಿ ತೋರಿಸುತ್ತಿದ್ದರು. ನಾನೂ ಪಕ್ಕದಲ್ಲಿದ್ದೆ. ಮೂತಿಯನ್ನು ಗೆಣ್ಣಿನಿಂದ ಬಡಿದರು, ಟೊಳ್ಳು ಸದ್ದು ಬಂತು.

"ಕೇಳಿಸ್ತಾ ಮಗಳೇ? ಇದು ಗಾಳಿಪೆಟ್ಟಿಗೆ. ಒಳಗೆ ಗಾಳಿ ಬಿಟ್ರೆ ಏನಿಲ್ಲ. ಮುಂದೊಂದು, ಹಿಂದೊಂದು, ಸೀಟ್ ಕೆಳಗೊಂದು. ದೋಣಿ ತುಂಬ ನೀರು ಬಂದ್ರೂ ಇವು ಮೂರು ಎತ್ತಿ ಹಿಡಿದಿರ್ತವೆ. ಒಂದರಲ್ಲಿ ಸಾಸಿವೆಕಾಳಿನಷ್ಟು ತೂತು ಇದ್ರೂ ಮುಗೀತು. ಅರ್ಧ ಗಂಟೇಲಿ ಅದು ತುಂಬ್ಕೊಂಡು ಮೂತಿ ಕೆಳಕ್ಕೆ ಹೋಗುತ್ತೆ."

"ತೂತು ಎಲ್ಲಿಂದ ಬರುತ್ತೆ ಬಿಡಪ್ಪ, ನೀನು ಮಾಡಿರೋದು" ಎಂದಳು ಮೈತ್ರಿ.

ಈ ಮಾತನ್ನು ಬೋರಯ್ಯ ಜೂನಿನಿಂದ ಹತ್ತು ಸಲವಾದರೂ ನನಗೆ ಹೇಳಿರಬೇಕು. ನಾನು ಪೇಪರಿನ ಪದಬಂಧ ತುಂಬುತ್ತಾ ಹ್ಞೂಂಗುಟ್ಟಿರಬೇಕು. ಈಗ ಕೇಳಿಸಿತು. ಗೋಡೆಯ ಕಡೆಗಿದ್ದ ಕೊಕ್ಕೆಯನ್ನು ನೋಡಿದೆ.

ಅವರು ಟೀಗೆ ಹೋದ ಕೂಡಲೇ ನಾನು ಮಾಡಿದ್ದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಕೊಕ್ಕೆ ತಿರುಗಿಸಿ ತೆಗೆದೆ. ನಲ್ಲಿ ಸೋರಿದರೆ ಮೆತ್ತುವ ಅಂಟನ್ನು ಕಲಸಿ ತೂತಿಗೆ ತುಂಬಿದೆ. ಡಬ್ಬಿಯಲ್ಲಿ ಉಳಿದಿದ್ದ ಕಿತ್ತಳೆ ಬಣ್ಣವನ್ನು ಬೆರಳಿನಿಂದ ಸವರಿದೆ. ಮೂವತ್ತೊಂದು ವರ್ಷ ಮಕ್ಕಳ ತಪ್ಪಿಗೆ ಕೆಂಪು ಗೀಟು ಹಾಕಿದವಳು, ನನ್ನ ತಪ್ಪಿನ ಮೇಲೆ ಬಣ್ಣ ಬಳಿದೆ. ಸಂಜೆ ಬೋರಯ್ಯ ಬೇಕರಿಯಿಂದ ಮೈಸೂರು ಪಾಕ್ ತಂದು, "ನಿಮ್ ಶೆಡ್ ಇಲ್ದಿದ್ರೆ ಇದು ಆಗ್ತಿರ್ಲಿಲ್ಲ ಮೇಡಂ. ನಾಳೆ ಬೆಳಿಗ್ಗೆ ಆರಕ್ಕೆ ಟೆಂಪೊ" ಎಂದರು. ಹಿಂದೆ ಮುನಿಯಕ್ಕ ನಿಂತಿದ್ದರು. ಆ ಹೆಂಗಸಿನ ಮುಖದಲ್ಲಿ ನಗು ಇತ್ತು. ನಾಲ್ಕು ತಿಂಗಳಲ್ಲಿ ಅದನ್ನು ನಾನು ನೋಡಿದ್ದು ಅದೇ ಮೊದಲು. ಮೈಸೂರು ಪಾಕನ್ನು ಬಾಯಿಗಿಡದೆ ಕೆಳಗಿಟ್ಟೆ.

"ಬೋರಯ್ಯ, ಟೆಂಪೊ ಬೇಡ ಅನ್ನಿ" ಎಂದೆ. ಆಮೇಲೆ ಎಲ್ಲ ಹೇಳಿದೆ. ಕರ್ಪೂರ ಹಚ್ಚಿದ್ದನ್ನೂ ಬಿಡಲಿಲ್ಲ.

ಬೋರಯ್ಯ ಬಗ್ಗಿ, ಮೂತಿಯ ಅಡಿಯಲ್ಲಿ ಬೆರಳಾಡಿಸಿದರು. ಜಾಗ ತಕ್ಷಣ ಸಿಕ್ಕಿತು. ಹಸಿ ಬಣ್ಣ ಬೆರಳಿಗೆ ಹತ್ತಿತು. "ಮೇಲ್ಗಡೆಯಿಂದ ಮೆತ್ತಿದ್ದು ಸಿಂಕಿಗೆ ಸಾಕು ಮೇಡಂ. ಅಲೆ ಹೊಡೆತಕ್ಕೆ ನಾಲ್ಕು ದಿನ ಇರಲ್ಲ" ಎಂದಷ್ಟೇ ಹೇಳಿದರು. ಬೈದಿದ್ದರೆ ಚೆನ್ನಾಗಿತ್ತು.

ಬೈದವರು ಮುನಿಯಕ್ಕ. ಅದೂ ಬೈಗುಳವಲ್ಲ, ಒಂದೇ ಮಾತು. "ನೀವು ಕೇಳ್ಲೇ ಇಲ್ಲ. ನಮ್ ಮಗಳು, ನಮ್ ದೋಣಿ. ಕಟ್ಲಾ ಅಂತ ಒಂದು ಮಾತು ಕೇಳ್ಬೇಕು ಅಂತ ನಿಮಗೆ ಅನ್ನಿಸ್ಲೇ ಇಲ್ಲ."

ಅದು ನಿಜ. ನನಗೆ ಅನ್ನಿಸಿರಲಿಲ್ಲ. ನನ್ನ ಶೆಡ್ಡು, ನನ್ನ ವಿದ್ಯಾರ್ಥಿನಿ, ನನ್ನ ನಿಂಬೆಹಣ್ಣು. ಇವರನ್ನೇನು ಕೇಳುವುದು ಎಂದು ಒಳಗೆಲ್ಲೋ ಇತ್ತು. ಎಷ್ಟು ಕಾಲದಿಂದ ಇತ್ತೋ. ಮುನಿಯಕ್ಕ ಬುತ್ತಿಯ ಚೀಲ ತೆಗೆದುಕೊಂಡು ಹೊರಟುಹೋದರು. ಆಮೇಲೆ ಐದು ದಿನ ನನ್ನ ಜೊತೆ ಮಾತಾಡಲಿಲ್ಲ.

ಬೋರಯ್ಯ ಆ ಸಂಜೆ ಮತ್ತೆ ಸ್ಟೂಲ್ ಹಾಕಿಕೊಂಡು ದೋಣಿಯನ್ನು ನೋಡುತ್ತಾ ಕೂತರು. ತಮಗೇ ಹೇಳಿಕೊಳ್ಳುವವರಂತೆ ಮಾತಾಡಿದರು. "ತಪ್ಪು ನಂದೂ ಇದೆ ಮೇಡಂ. ತೂತೇ ಬೀಳಲ್ಲ ಅಂತ ಮಾಡಿದ್ದೆ. ಅಲ್ಲೂ ಹೂವು ಕಟ್ಟೋಕೆ ಮೊಳೆ ಹೊಡೀತಾರೆ. ಕಲ್ಲು ತಾಗುತ್ತೆ. ತೂತು ಬಿದ್ರೂ ಮುಳುಗಬಾರ್ದು, ಹಂಗೆ ಮಾಡ್ಬೇಕಿತ್ತು." ಆಮೇಲೆ ನನ್ನ ಕಡೆ ತಿರುಗಿ, "ಮುಚ್ಚಳ ಇರೋ ಖಾಲಿ ನೀರಿನ ಬಾಟ್ಲು ಬೇಕು. ಆರುನೂರು" ಎಂದರು. ಪೆಟ್ಟಿಗೆಯ ತುಂಬ ಮುಚ್ಚಿದ ಬಾಟಲಿ ತುಂಬಿದರೆ, ಪೆಟ್ಟಿಗೆ ಒಡೆದರೂ ಬಾಟಲಿಗಳಲ್ಲಿ ಗಾಳಿ ಉಳಿಯುತ್ತದೆ ಎಂಬ ಲೆಕ್ಕ.

ಮಾಡಿದ್ದುಣ್ಣೋ ಮಹರಾಯ ಎಂದುಕೊಂಡು ನಾನು ಎರಡು ಗೋಣಿಚೀಲ ಹಿಡಿದು ಹೊರಟೆ. ದಸರಾ ಮುಗಿದು ಮದುವೆ, ಆರತಕ್ಷತೆಗಳು ಶುರುವಾಗಿದ್ದವು. ಬನಶಂಕರಿಯ ಮೂರು ಕಲ್ಯಾಣಮಂಟಪಗಳ ಊಟದ ಹಾಲ್‌ನಲ್ಲಿ, ಕರೆಯದೇ ಹೋಗಿ, ಪಂಕ್ತಿಯ ತುದಿಯಲ್ಲಿ ನಿಂತೆ. "ಹಿಚುಕ್ಬೇಡಿ, ಮುಚ್ಚಳ ಹಾಕಿ ಕೊಡಿ" ಎಂದು ಹೋಳಿಗೆ ತಿನ್ನುತ್ತಿದ್ದವರನ್ನೆಲ್ಲ ಗದರಿದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ರೇಷ್ಮೆ ಪಂಚೆಯಲ್ಲಿ ಬಂದು, "ಮಿಸ್, ಮನೇಲಿ ಎಲ್ಲಾ ಸರಿಯಿದೆಯಾ?" ಎಂದು ಮೆಲ್ಲಗೆ ಕೇಳಿದ. ಅವನ ಕೈಗೂ ಒಂದು ಚೀಲ ಕೊಟ್ಟೆ. ಶುಕ್ರವಾರ ಬಂತು. ಅಲ್ಲಿ ಮೈತ್ರಿ ಹಳೆಯ ದೋಣಿ ಹತ್ತುವ ದಿನ. ನಾನು ತಪ್ಪು ಮಾಡದಿದ್ದರೆ ಹೊಸದು ಅಷ್ಟು ಹೊತ್ತಿಗೆ ಅಲ್ಲಿರುತ್ತಿತ್ತು. ಅವಳ ಫೋನ್ ಬರುವವರೆಗೆ ನಾನೂ ಒಲೆ ಹಚ್ಚಲಿಲ್ಲ.

ಭಾನುವಾರ ಸಂಜೆಗೆ ಮೂರು ಪೆಟ್ಟಿಗೆಯೂ ತುಂಬಿ, ಮೇಲೆ ಮತ್ತೆ ಫೈಬರ್ ಹಾಸಿ ಮುಚ್ಚಿ ಆಯಿತು. ಸೋಮವಾರ ಬೆಳಿಗ್ಗೆ ಅದೇ ಈಜುಕೊಳ. ವಿಶ್ರುತ್ ಸಿಮೆಂಟ್ ಮೂಟೆ ಎಲ್ಲಿ ಎಂದು ಕೇಳಿದ.

"ಈ ಸಲ ಮೂಟೆ ಎರಡೇ ಸಾಕು" ಎಂದರು ಬೋರಯ್ಯ. ಆಮೇಲೆ ನನ್ನನ್ನು ನೋಡಿದರು. "ಮೂಟೆ ಹೆದರಲ್ಲ ಮೇಡಂ. ಅಲ್ಲಿ ಕೂರೋ ಜನ ಹೆದರ್ತಾರೆ. ಎದ್ದು ನಿಲ್ತಾರೆ, ಒಂದು ಕಡೆ ವಾಲ್ತಾರೆ, ಪಕ್ಕದೋರನ್ನ ಹಿಡ್ಕೋತಾರೆ. ನಂಗೆ ಹೆದರೋರು ಒಬ್ರು ಬೇಕು."

"ಅದಕ್ಕೆ ನಾನೇ ಸಿಕ್ಕಿದ್ನಾ?"

"ನಿಮ್ಮಷ್ಟು ಹೆದರೋರು ನಂಗೆ ಯಾರೂ ಗೊತ್ತಿಲ್ಲ."

ಹೇಳಿ, ಬೋರಯ್ಯ ಡ್ರಿಲ್ ಎತ್ತಿಕೊಂಡರು. ಮೂತಿಯ ಅಡಿಯಲ್ಲಿ, ಸುಭಾಷ ಹೊಡೆದಿದ್ದ ಅದೇ ಜಾಗದಲ್ಲಿ, ತಾವು ಮುಚ್ಚಿದ್ದ ತೂತನ್ನು ತಾವೇ ತೆರೆದರು. ತೂತು ಇರುವ ದೋಣಿಯನ್ನೇ ನೀರಿಗಿಳಿಸಿದರು.

ಇಲ್ಲ ಎನ್ನಲು ನನಗೆ ಯಾವ ಹಕ್ಕೂ ಉಳಿದಿರಲಿಲ್ಲ. ಸೀರೆಯ ಮೇಲೆ ಲೈಫ್ ಜಾಕೆಟ್ ತೊಟ್ಟು, ವಿಶ್ರುತನ ಕೈ ಹಿಡಿದು, ಏಳು ಜನ್ಮದ ದೇವರನ್ನೆಲ್ಲ ನೆನೆದು ಇಳಿದು ಕೂತೆ. ಆಗ ಹಿಂದೆ ದೋಣಿ ಅಲುಗಿತು. ತಿರುಗಿ ನೋಡಿದರೆ ಮುನಿಯಕ್ಕ, ಅವರೂ ಜಾಕೆಟ್ ಹಾಕಿಕೊಂಡು ನನ್ನ ಪಕ್ಕದ ಸೀಟಿಗೆ ಬರುತ್ತಿದ್ದಾರೆ. ಯಾರೂ ಅವರನ್ನು ಕರೆದಿರಲಿಲ್ಲ. ನನ್ನ ಕಡೆ ನೋಡದೆ ಕೂತರು.

ಪೈಪಿನಿಂದ ನೀರು ಬಿಟ್ಟರು. ಪಾದ, ಮೊಣಕಾಲು, ತೊಡೆ, ಸೊಂಟ. ದೋಣಿಯ ಅಂಚು ನೀರಿನ ಮಟ್ಟಕ್ಕೆ ಬಂದು, ದೋಣಿಯೇ ಕಾಣದ ಹಾಗಾಯಿತು. ಬೋರಯ್ಯ ಗಡಿಯಾರ ನೋಡಿ, "ಶುರು" ಎಂದರು.

ಮೊದಲ ಹತ್ತು ನಿಮಿಷ ನಾನು ಕಣ್ಣು ಬಿಡಲಿಲ್ಲ. ಬಿಟ್ಟಾಗ ನೀಲಿ ಹಾಸುಗಲ್ಲಿನ ಮೇಲೆ ಬಿಸಿಲು ಬಲೆಯ ಹಾಗೆ ಹೆಣೆದುಕೊಂಡಿತ್ತು. ಮೇಲೆ ಹತ್ತು ಅಂತಸ್ತಿನ ಬಾಲ್ಕನಿಗಳು, ಒಣಗಲು ಹಾಕಿದ ಬಟ್ಟೆ. ನನ್ನ ಸೆರಗು ನನ್ನದಲ್ಲವೆಂಬಂತೆ ಎದುರಿಗೆ ತೇಲಿ ಹೋಗಿತ್ತು. ಎಲ್ಲವೂ ದೂರದಲ್ಲಿತ್ತು. ಅಷ್ಟರಲ್ಲಿ ಮೂತಿಯ ಹತ್ತಿರ ಗುಳುಗುಳು ಸದ್ದಾಯಿತು. ಸಾಲಾಗಿ ಗುಳ್ಳೆಗಳು ಎದ್ದವು. ಮೂತಿ ಮೆಲ್ಲಗೆ, ನಾಲ್ಕು ಬೆರಳಿನಷ್ಟು, ಕೆಳಗೆ ಇಳಿಯಿತು.

ಹೋಯಿತು ಎಂದುಕೊಂಡೆ. ಎದ್ದು ನಿಂತುಬಿಟ್ಟೆ. ದೋಣಿ ಒಂದು ಕಡೆಗೆ ವಾಲಿತು, ನೀರು ಎದೆಗೆ ಬಂತು. ಬೋರಯ್ಯ ದಡದಲ್ಲಿ ಕೂತಲ್ಲೇ ಕೂತಿದ್ದರು. ಮುನಿಯಕ್ಕ ನನ್ನ ತೋಳು ಹಿಡಿದು ಎಳೆದರು.

"ಕೂತ್ಕೊಳ್ಳಿ. ನನ್ ಮಗಳು ಇಷ್ಟೊತ್ತೂ ಒಬ್ಳೇ ಇದ್ಲು."

ಕೂತೆ. ದೋಣಿ ಎರಡು ಸಲ ಆ ಕಡೆ ಈ ಕಡೆ ತೂಗಿ, ನೆಟ್ಟಗಾಗಿ ನಿಂತಿತು. ಗುಳ್ಳೆ ನಿಂತಿತು. ಮೂತಿ ಇನ್ನು ಕೆಳಗೆ ಹೋಗಲಿಲ್ಲ. ನನ್ನ ಹಲ್ಲು ಕಟಕಟ ಎನ್ನುತ್ತಿತ್ತು, ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಇಲ್ಲಿ ಕೈಗೆಟುಕುವ ದೂರದಲ್ಲಿ ದಡ, ದಡದ ಮೇಲೆ ಇಬ್ಬರು, ಒಣ ಟವೆಲ್ಲು. ಅಲ್ಲಿ ಆ ಹುಡುಗಿಗೆ ಏನಿತ್ತು?

"ಕೇಳ್ಬೇಕಿತ್ತು ಮುನಿಯಕ್ಕ. ತಪ್ಪಾಯ್ತು" ಎಂದೆ.

"ಹ್ಞೂಂ. ಕೇಳ್ಬೇಕಿತ್ತು" ಎಂದರು. ತೋಳು ಬಿಡಲಿಲ್ಲ.

ಎಷ್ಟು ಹೊತ್ತಾಯಿತೋ ತಿಳಿಯಲಿಲ್ಲ. ನಡುಕ ನಿಂತದ್ದು ಯಾವಾಗ ಎಂದೂ ತಿಳಿಯಲಿಲ್ಲ. ಕೆಳಗೆ ಏನೋ ಒಂದು ನಮ್ಮಿಬ್ಬರನ್ನೂ ಹೊತ್ತುಕೊಂಡಿತ್ತು, ಅಷ್ಟು ಮಾತ್ರ ಗೊತ್ತಾಗುತ್ತಿತ್ತು.

"ನಲವತ್ತು" ಎಂದರು ಬೋರಯ್ಯ.

ಎದ್ದು ಬಂದು ಕೈ ಕೊಡುತ್ತಾರೆ ಎಂದುಕೊಂಡೆ. ಅವರು ಏಳಲಿಲ್ಲ. ಗಡಿಯಾರ ಕಟ್ಟಿದ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ನೀರನ್ನೇ ನೋಡುತ್ತಿದ್ದರು. ಅವರ ಭುಜ ಅಲುಗತೊಡಗಿತು. ಹೆಗಲ ಮೇಲಿನ ಟವೆಲ್ಲನ್ನು ಮುಖಕ್ಕೆ ಒತ್ತಿ ಹಿಡಿದು, ಆ ಮನುಷ್ಯ ಸಣ್ಣ ಮಗುವಿನ ಹಾಗೆ ಅಳಲು ಶುರುಮಾಡಿದರು. ವಿಶ್ರುತ್ ಗಾಬರಿಯಾಗಿ ಅವರ ಕಡೆ ಓಡಲು ಹೋದ.

"ಬಿಡಪ್ಪ, ಅಳ್ಲಿ" ಎಂದರು ಮುನಿಯಕ್ಕ, ದೋಣಿಯಿಂದಲೇ. "ಮಗಳು ಹೇಳಿದ ದಿನದಿಂದ ಇವ್ರು ಅತ್ತಿಲ್ಲ."

ಅವರು ಅತ್ತು ಮುಗಿಸುವವರೆಗೆ ನಾವಿಬ್ಬರೂ ದೋಣಿಯಿಂದ ಇಳಿಯಲಿಲ್ಲ.